ಓದುಗರ ಸ್ಪಂದನ: ಅಬ್ಬಾನ ಫೋಟೋ ಗೋಡೆಯ ಮೇಲೆ ಇರಬಹುದಾ?

ವಿಜಯಪುರದ ಸಹೋದರಿಯೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ಅವರ ಅಬ್ಬಾ ತೀರಿಕೊಂಡು ಮೂರು ತಿಂಗಳಾಗಿದೆ. ಅಮ್ಮಿ ಅವರ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ಹಾಕಿಸಿದ್ದಾರೆ. ಧರ್ಮಬೋಧೆಗೆ ಊರೂರು ತಿರುಗುವ ಜಮಾತ್‌ಗೆ ಹೋಗಿ ಬಂದ ಅಣ್ಣ ಅದನ್ನು ತೆಗೆಯಿರಿ ಅನ್ನುತ್ತಾರೆ. ಜೀವ ಇರುವವರ ಚಿತ್ರ ಇದ್ದ ಮನೆಗೆ ರಹಮತ್‌ನ ಫರಿಶ್ತೆಗಳು (ಕರುಣೆಯ ದೇವದೂತರು) ಬರುವುದಿಲ್ಲ ಎಂಬುದು ಅವರ ಮಾತು. ಈಗ ತಾಯಿ-ಮಗನ ಮಾತೇ ನಿಂತಿದೆ. ನಾನು ಯಾರ ಕಡೆ ನಿಲ್ಲಲಿ ಅಂತ ಸಹೋದರಿ ಕೇಳಿದ್ದರು. ಮನೆಯೊಳಗಿನ ವಿಷಯವಾದ್ದರಿಂದ ಪತ್ರ ಬರೆದ ಯಾರ ಹೆಸರನ್ನೂ ಹಾಕಿಲ್ಲ. ಧರ್ಮದ ಮಾತು ಬಲ್ಲವರಿಂದಲೇ ಬರಲಿ ಎಂದು ಮೊದಲು ಬೆಳಗಾವಿಯ ಮದರಸಾ ಶಿಕ್ಷಕರೊಬ್ಬರ ಪತ್ರ.

*

ತಂಗೀ, ನಿಮ್ಮ ಅಣ್ಣ ಇದನ್ನು ತನ್ನ ತಲೆಯಿಂದ ತೆಗೆದು ಹೇಳುತ್ತಿಲ್ಲ. ನಾಯಿ ಅಥವಾ ಚಿತ್ರ ಇರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂಬ ಹದೀಸ್ (ಪ್ರವಾದಿಯವರ ನುಡಿ) ಬುಖಾರಿ ಸಂಗ್ರಹದಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ಚಿತ್ರ ಮಾಡಿದವರಿಗೆ ಕಿಯಾಮತ್ (ಅಂತಿಮ ತೀರ್ಪಿನ) ದಿನ ‘ನೀವು ಮಾಡಿದ್ದಕ್ಕೆ ಈಗ ಜೀವ ಕೊಡಿ’ ಎಂದು ಹೇಳಲಾಗುತ್ತದೆ ಎಂಬ ಮಾತೂ ಇದೆ. ಒಬ್ಬ ಚಿತ್ರಗಾರ ಇದೇ ನನ್ನ ಹೊಟ್ಟೆಪಾಡು ಅಂದಾಗ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸರು, ಬಿಡಲು ಆಗದಿದ್ದರೆ ಗಿಡಮರ ಬರಿ, ಜೀವ ಇಲ್ಲದ್ದನ್ನು ಬರಿ ಅಂದರು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದ ಹಾಗೆ. ಪ್ರವಾದಿಯವರ ಪತ್ನಿ ಹಜರತ್ ಆಯಿಷಾ ಮನೆಯಲ್ಲಿ ಚಿತ್ರ ಇದ್ದ ಪರದೆ ಕಟ್ಟಿದ್ದರು. ಪ್ರವಾದಿಯವರಿಗೆ ಅದು ಸರಿಬರಲಿಲ್ಲ. ಪರದೆ ಇಳಿಯಿತು. ಅದೇ ಬಟ್ಟೆಯಿಂದ ಒರಗುದಿಂಬು ಮಾಡಿದರು, ಅದು ಮನೆಯಲ್ಲೇ ಉಳಿಯಿತು. ಆಯಿಷಾ ಅವರ ಗೊಂಬೆಗಳಲ್ಲಿ ರೆಕ್ಕೆ ಇರುವ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯಾ ಅಂತ ಪ್ರವಾದಿಯವರು ಕೇಳಿದರು. ಪ್ರವಾದಿ ಸುಲೈಮಾನರ ಕುದುರೆಗೆ ರೆಕ್ಕೆ ಇತ್ತಲ್ವಾ ಅಂದಾಗ ನಕ್ಕರು. ಇದು ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ.

ಮೂರ್ತಿಯ ವಿಷಯದಲ್ಲಿ ಆಲಿಮರ (ಧರ್ಮ ಬಲ್ಲವರ) ನಡುವೆ ಹೆಚ್ಚಿನ ಭೇದ ಇಲ್ಲ. ಭೇದ ಇರುವುದು ಕ್ಯಾಮೆರಾದ ವಿಷಯದಲ್ಲಿ. ಕ್ಯಾಮೆರಾ ನೆರಳನ್ನು ಹಿಡಿದಿಡುತ್ತದೆ ಅಷ್ಟೇ, ಅದು ಹೊಸದಾಗಿ ಸೃಷ್ಟಿ ಮಾಡಿದಂತಲ್ಲ ಎಂದು ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಸುಮಾರು ನೂರು ವರ್ಷದ ಹಿಂದೆಯೇ ಬರೆದರು. ಉತ್ತರ ಪ್ರದೇಶದ ದೇವಬಂದ್ ಮದರಸಾದ ಆಲಿಮರು ಒಪ್ಪಲಿಲ್ಲ. ಪಾಸ್‌ಪೋರ್ಟ್, ಆಧಾರ್‌ನಂಥ ಅನಿವಾರ್ಯಕ್ಕೆ ಮಾತ್ರ ಸರಿ ಅಂದರು. ನಾನು ಓದಿದ್ದು ಅದೇ ದಾರಿಯಲ್ಲಿ. ಹಾಗಾಗಿ ಗೋಡೆಯಿಂದ ಇಳಿಸಿ ಅಮ್ಮಿಯ ಕಪಾಟಿನಲ್ಲಿ ಇಡಿ ಎಂದೇ ಹೇಳುತ್ತೇನೆ. ಆದರೆ ಇಳಿಸುವ ಕೈ ಅಮ್ಮಿಯದೇ ಆಗಿರಲಿ.

*

ಇನ್ನೊಂದು ಪತ್ರ ಜಮಖಂಡಿಯಿಂದ. ಮಾತು ಖಾರವಾಗಿದೆ. ಆದರೂ ತಿದ್ದದೆ ಹಾಕಿದ್ದೇವೆ.

*

ಗಂಡ ಸತ್ತ ಹೆಂಗಸಿಗೆ ಇದ್ದತ್, ಅಂದರೆ ಶೋಕದ ಅವಧಿ, ನಾಲ್ಕು ತಿಂಗಳು ಹತ್ತು ದಿನ. ನಿಮ್ಮ ಅಮ್ಮಿಯದು ಇನ್ನೂ ಮುಗಿದಿಲ್ಲ. ಅಷ್ಟರಲ್ಲೇ ಅವರ ಎದುರು ಈ ಜಗಳ ಬೇಕಿತ್ತಾ? ಅಣ್ಣನಿಗೂ ಕೇಳುತ್ತೇನೆ, ನಿಮಗೂ ಕೇಳುತ್ತೇನೆ.

*

ಇಳಕಲ್‌ನ ಹಿರಿಯ ಸಹೋದರಿಯೊಬ್ಬರ ಪತ್ರ ಬಲು ಉದ್ದ. ಕತ್ತರಿಸಲು ಮನಸ್ಸಾಗಲಿಲ್ಲ.

*

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವಮ್ಮಾ. ನಮ್ಮ ಅವ್ವ ಮಗ್ಗದ ಕೆಲಸ ಮಾಡಿ ನಮ್ಮನ್ನು ಸಾಕಿದವಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದಳು. ಇಳಕಲ್ ಸೀರೆಯ ಸೆರಗಿನ ತೋಪು ತೆನಿ ವಿನ್ಯಾಸ ಕೂಡಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಅವಳದು ಒಂದೇ ಒಂದು ಫೋಟೋ ಇತ್ತು. ನನ್ನ ನಿಕಾಹ್ ಮರುದಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ತಲೆ ಮೇಲೆ ಸೆರಗು, ಎಡಗೈ ನನ್ನ ಹೆಗಲ ಮೇಲೆ. ಆ ಕೈಯ ತೋರುಬೆರಳಲ್ಲಿ ನೂಲು ಕೊಯ್ದ ಗಾಯದ ಗೆರೆ ಕೂಡ ಕಾಣುತ್ತಿತ್ತು.

ಅವ್ವ ಹೋದ ವರ್ಷವೇ ನಮ್ಮ ಅಣ್ಣ ಆ ಫೋಟೋ ಹರಿದ. ನನ್ನನ್ನು ಕೇಳಲಿಲ್ಲ. ನಾನು ತವರಿಗೆ ಹೋದಾಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಅವ್ವನಿಗೆ ಕಬರಿನಲ್ಲಿ ಅಜಾಬ್ (ಶಿಕ್ಷೆ) ಆಗಬಾರದು ಅಂತ ಮಾಡಿದೆ ಅಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ. ಅವ್ವನ ಮೇಲಿನ ಪ್ರೀತಿಯಿಂದಲೇ ಮಾಡಿದ. ಆದರೆ ಅವಳು ನನಗೂ ಅವ್ವ ಅಲ್ವಾ?

ಈಗ ನನ್ನ ಹತ್ತಿರ ಉಳಿದಿರುವುದು ಅವಳ ವೋಟಿನ ಕಾರ್ಡು. ಅದರಲ್ಲಿ ಮುಖ ಪೂರ್ತಿ ಕಪ್ಪಾಗಿದೆ, ಕಣ್ಣು ಅರ್ಧ ಮುಚ್ಚಿದೆ. ಅದು ಅವಳೇ ಅಂತ ನಂಬಲು ಕೆಳಗಿನ ಹೆಸರು ಓದಬೇಕು. ಮೊಮ್ಮಗಳು ನಿಮ್ಮ ಅವ್ವ ಹೇಗಿದ್ದರು ಅಂತ ಕೇಳುತ್ತಾಳೆ. ನನ್ನ ಥರವೇ ಅಂತೀನಿ. ಅಣ್ಣ ಈಗ ತನ್ನ ಮೊಮ್ಮಕ್ಕಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ನೋಡಿ ದುವಾ ಮಾಡುತ್ತೇನೆ. ಆಮೇಲೆ ಬಹಳ ಹೊತ್ತು ಯಾರ ಜೊತೆಯೂ ಮಾತಾಡಲು ಆಗುವುದಿಲ್ಲ.

ತಂಗೀ, ಯಾರ ಕಡೆ ಬೇಕಾದರೂ ನಿಲ್ಲು. ಮೊದಲು ಆ ಫೋಟೋದ ಇನ್ನೊಂದು ಪ್ರತಿ ಮಾಡಿಸಿ ನಿನ್ನ ಹತ್ತಿರ ಇಟ್ಟುಕೋ. ಇವತ್ತೇ ಮಾಡಿಸು.

*

ಪ್ರತಿಯ ಮಾತು ಬಂತು. ಬಾಗಲಕೋಟೆಯಲ್ಲಿ ಸ್ಟುಡಿಯೋ ನಡೆಸುವವರು ಅದನ್ನೇ ಬರೆದಿದ್ದಾರೆ.

*

ಹಳೇ ಫೋಟೋ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ಹಾಕಲೇಬೇಡಿ. ಮೊಬೈಲಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಇರಲಿ.

*

ವಿಜಯಪುರದ ಇತಿಹಾಸದ ಮೇಷ್ಟ್ರು ಬರೆದಿರುವುದು ಸಹೋದರಿ ಕೇಳಿದ ಪ್ರಶ್ನೆಗೆ ನೇರ ಉತ್ತರ ಅಲ್ಲ. ಆದರೆ ನಮ್ಮೂರಿನ ಮಾತು, ಓದಿ.

*

ಇಸ್ಲಾಂ ಅಂದರೆ ಚಿತ್ರವೇ ಇಲ್ಲ ಅನ್ನುವವರು ವಿಜಯಪುರವನ್ನು ಒಮ್ಮೆ ಸುತ್ತಬೇಕು. ಜುಮ್ಮಾ ಮಸೀದಿಯ ಮಿಹ್ರಾಬ್‌ಗೆ (ನಮಾಜಿನ ದಿಕ್ಕು ತೋರುವ ಗೂಡಿಗೆ) 1636ರಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಬಂಗಾರದ ಬಣ್ಣ ಹಾಕಿಸಿದ. ಅಲ್ಲಿ ಪುಸ್ತಕ, ಹೂದಾನಿಗಳ ಚಿತ್ರ ಇದೆ. ಮನುಷ್ಯ, ಪ್ರಾಣಿ ಇಲ್ಲ. ಸುಲ್ತಾನನ ಗೋರಿ ಇರುವ ಇಬ್ರಾಹಿಂ ರೋಜಾದ ಗೋಡೆ ತುಂಬ ಅಕ್ಷರ, ಬಳ್ಳಿ. ನಮಾಜಿನ ಜಾಗ, ಗೋರಿಯ ಜಾಗದಲ್ಲಿ ಆ ಎಚ್ಚರ ಇತ್ತು. ಅದೇ ಮನೆತನದವರು ಕುಮಟಗಿಯ ನೀರಿನ ಮಹಲಿನಲ್ಲಿ ಪೈಲ್ವಾನರನ್ನು, ಕುದುರೆ ಸವಾರರನ್ನು ಬರೆಸಿದರು. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂನ ಮುಖವನ್ನು ಅವನ ಚಿತ್ರಗಾರರು ಮತ್ತೆ ಮತ್ತೆ ಬರೆದರು. ಮಲಿಕ್-ಎ-ಮೈದಾನ್ ತೋಪಿನ ಬಾಯಿ ನೋಡಿ. ಸಿಂಹ ಆನೆಯನ್ನು ಕಚ್ಚಿ ಹಿಡಿದಿದೆ. ಅದು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಯಾವುದನ್ನು ಎಲ್ಲಿ ಇಡಬೇಕು ಅನ್ನುವ ಲೆಕ್ಕ ಆ ಜನರಿಗಿತ್ತು.

*

ಮುಧೋಳದ ಶರಣೆಯೊಬ್ಬರು ಅಣ್ಣನ ಪರವಾಗಿ ಬರೆದಿದ್ದಾರೆ. ಅವರ ಪತ್ರ ನಮಗೆ ಇಷ್ಟವಾಯಿತು.

*

ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ಮಾವನವರ ಫೋಟೋಗೆ ಮೊದಲು ಹಾರ ಬಂತು, ಆಮೇಲೆ ವಿಭೂತಿ, ಊದಿನಕಡ್ಡಿ. ಈಗ ಹಬ್ಬದ ಹೋಳಿಗೆಯೂ ಮೊದಲು ಅವರ ಮುಂದೆಯೇ. ನಮಗೆ ಅದು ಸರಿ. ನಿಮ್ಮ ಅಣ್ಣನಿಗೆ ಬಹುಶಃ ಇದೇ ಭಯ. ಅವರನ್ನು ಕಟುಕ ಅನ್ನಬೇಡಿ. ಹಾರ, ಕಡ್ಡಿ ಯಾವುದೂ ಇರುವುದಿಲ್ಲ ಅಂತ ಅಮ್ಮಿ ಒಂದು ಮಾತು ಕೊಟ್ಟರೆ ಅವರ ಮನಸ್ಸು ಇಳಿಯಬಹುದು.

*

ಕೊನೆಗೆ ಗೋಕಾಕದ ಯುವಕರೊಬ್ಬರ ಪತ್ರ. ಅವರೂ ಜಮಾತ್‌ಗೆ ಹೋಗುವವರು.

*

ಆಪಾ, ನನ್ನ ನಂಬಿಕೆ ನಿಮ್ಮ ಅಣ್ಣನದೇ. ಚಿತ್ರ ಎದುರಿಗಿದ್ದರೆ ನಾನು ನಮಾಜು ಮಾಡಲ್ಲ. ಆದರೆ ನನ್ನ ಅಮ್ಮಿಯ ಕೋಣೆಯಲ್ಲಿ ಅಬ್ಬಾನ ಫೋಟೋ ಇದೆ. ಅದು ಅವರ ಕೋಣೆ. ಕದ ತಟ್ಟಿ, ಸಲಾಂ ಹೇಳಿ ಒಳಗೆ ಹೋಗುತ್ತೇನೆ. ನಮಾಜಿಗೆ ಪಡಸಾಲೆ ಇದೆ. ತಾಯಿಯನ್ನು ಛೀ ಅನ್ನಬೇಡ ಅಂತಲೂ ಕುರಾನ್ ಹೇಳುತ್ತದೆ. ಅಣ್ಣನ ಹತ್ತಿರ ನಾನೇ ಮಾತಾಡಬೇಕಾ? ಬರುತ್ತೇನೆ.

*

ಈ ಯುವಕರ ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ವಿಜಯಪುರದ ಸಹೋದರಿಗೆ ಕಳಿಸಿದ್ದೇವೆ. ಇಷ್ಟು ಪತ್ರಗಳಲ್ಲಿ ಅಮ್ಮಿಯದು ಮಾತ್ರ ಬಂದಿಲ್ಲ. ಅವರಿಗೆ ಬರೆಯುವ ಮನಸ್ಸಿದ್ದರೆ, ಬರೆಯಲು ಆಗದಿದ್ದರೆ ಮಗಳ ಕೈಯಲ್ಲಿ ಬರೆಸಿದರೂ ಸರಿ, ಮುಂದಿನ ಸಂಚಿಕೆಯಲ್ಲಿ ಈ ಪುಟ ಅವರದು.