ಗೇಮ್ ಬಾಯ್ ಕಾರ್ಟ್ರಿಜ್: ಹೆಸರು ಸರಿ ಬರುತ್ತದೆ, ಸೇವ್ ಪೂರ್ತಿ ಎಫ್‌ಎಫ್. ಬ್ಯಾಟರಿ ಹೋಯ್ತಾ?

ಪ್ರಶ್ನೆ, ಕುಂಬಳೆಯಿಂದ:
ಮಾವ ಗಲ್ಫಿನಿಂದ ತಂದ ಪೋಕೆಮಾನ್ ರೆಡ್ ಆಟದ ಕಾರ್ಟ್ರಿಜ್ ಇದೆ. ಅದರಲ್ಲಿರುವುದು ಅಕ್ಕ ಮದುವೆಗೆ ಮುಂಚೆ ಆಡಿ ಉಳಿಸಿಟ್ಟ ಆಟ (ಸೇವ್), ಅದು ನನಗೆ ಬೇಕೇ ಬೇಕು. ಆರ್ಡುಯಿನೋ ಮೆಗಾ 2560 ಹಾಕಿದ ಓಪನ್ ಸೋರ್ಸ್ ಕಾರ್ಟ್ರಿಜ್ ರೀಡರಿನಲ್ಲಿ, 5 ವೋಲ್ಟಿಗಿಟ್ಟು ಓದಿದೆ. ಆಟದ ಹೆಸರು ಸರಿಯಾಗಿ ಬರುತ್ತದೆ, ಫೈಲೂ 1 ಎಂಬಿ ಇದೆ. ಆದರೆ ಚೆಕ್‌ಸಮ್ (ಫೈಲ್ ಸರಿ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ) ತಪ್ಪು, ಪ್ರತಿ ಸಲವೂ ಅದೇ ತಪ್ಪು. 32 ಕೆಬಿ ಸೇವ್ ಫೈಲಿನಲ್ಲಿ ಬರೀ ಎಫ್‌ಎಫ್, ಅಂದರೆ ಏನೂ ಇಲ್ಲದ ಹಾಗೆ. ಟೆಟ್ರಿಸ್ ಚೆನ್ನಾಗಿ ಬಂತು, ಹಾಗಾಗಿ ರೀಡರ್ ಸರಿ ಇದೆ. ಬ್ಯಾಟರಿ ಬದಲಿಸಿಬಿಡಲಾ?

ಉತ್ತರ, ಬದಿಯಡ್ಕದಿಂದ:
ಬ್ಯಾಟರಿ ಮುಟ್ಟಬೇಡಿ ಮಾರಾಯ್ರೆ! ಸೇವ್ ಉಳಿದಿರುವುದೇ ಅದರಿಂದ, ಕಿತ್ತರೆ ಇರುವ ಸೇವ್ ಕೂಡ ಹೋಗುತ್ತದೆ.

ಮೊದಲು ರೋಮ್ ಫೈಲನ್ನು (ಆಟದ ಆ 1 ಎಂಬಿ ಫೈಲ್) ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಬೈಟುಗಳನ್ನು ತೋರಿಸುವ ತಂತ್ರಾಂಶದಲ್ಲಿ, ತೆರೆದು ನೋಡಿ. ಮೊದಲ 16 ಕೆಬಿ ಆದ ಮೇಲೆ ಒಂದೇ 16 ಕೆಬಿ ತುಂಡು ಕೊನೆವರೆಗೂ ಮತ್ತೆ ಮತ್ತೆ ಬರುತ್ತಿದೆಯಾ?

ಕುಂಬಳೆ:
ಹೌದು! ಅದೇ ತುಂಡು, ಕೊನೆವರೆಗೂ.

ಬದಿಯಡ್ಕ:
ಹಾಗಾದರೆ ನನಗೆ ಕಾರ್ಟ್ರಿಜ್‌ನ 3ನೇ ಪಿನ್ ಮೇಲೆಯೇ ಅನುಮಾನ. ಅದು ಬರೆಯುವ ಸಿಗ್ನಲ್. ಈ ಆಟದಲ್ಲಿ 16 ಕೆಬಿಯ 64 ತುಂಡುಗಳಿವೆ, ಅವಕ್ಕೆ ಬ್ಯಾಂಕ್ ಅನ್ನುತ್ತಾರೆ. ಬ್ಯಾಂಕ್ ಬದಲಿಸಬೇಕಾದರೆ ರೀಡರ್ ಕಾರ್ಟ್ರಿಜ್‌ನ ಕಂಟ್ರೋಲರ್ ಚಿಪ್ಪಿಗೆ ಒಂದು ಸಂಖ್ಯೆ ಬರೆಯಬೇಕು. ಅದು ತಲುಪದಿದ್ದರೆ ಚಿಪ್ 1ನೇ ಬ್ಯಾಂಕಿನಲ್ಲೇ ಕೂತಿರುತ್ತದೆ. ಹೆಸರು ಇರುವುದು ಮೊದಲ ಬ್ಯಾಂಕಿನಲ್ಲಿ, ಅದಕ್ಕೇ ಅದು ಸರಿ ಬಂತು. ಸೇವ್ ರ್‍ಯಾಮ್ (ಸೇವ್ ಇರುವ ಮೆಮೊರಿ) ಕೂಡ ಹಾಗೆಯೇ, ಅದನ್ನು ತೆರೆಯಲು 0ಎ ಎಂಬ ಸಂಖ್ಯೆ ಬರೆಯಬೇಕು. ತೆರೆಯದ ರ್‍ಯಾಮ್ ಓದಿದರೆ ಎಫ್‌ಎಫ್ ಬಿಟ್ಟು ಬೇರೇನು ಬರುತ್ತದೆ ಹೇಳಿ?

ಟೆಟ್ರಿಸ್ ನಂಬಬೇಡಿ. ಅದು ಬರೀ 32 ಕೆಬಿ, ಬ್ಯಾಂಕ್ ಬದಲಿಸುವ ಕೆಲಸವೇ ಇಲ್ಲ. 3ನೇ ಪಿನ್ ಸತ್ತಿದ್ದರೂ ಚೆನ್ನಾಗಿಯೇ ಬರುತ್ತದೆ.

ಈಗ 3.8 ಮಿಮೀ ಗೇಮ್‌ಬಿಟ್‌ನಿಂದ (ಇಂಥ ಸ್ಕ್ರೂಗೆಂದೇ ಇರುವ ಸ್ಕ್ರೂಡ್ರೈವರ್ ಬಿಟ್) ಕಾರ್ಟ್ರಿಜ್‌ನ ಸ್ಕ್ರೂ ಬಿಚ್ಚಿ. ಬ್ಯಾಟರಿಯ ಮೈನಸ್ ಜೊತೆ ಕೂಡಿರುವ ತುದಿಯ ಪಿನ್ 32ನೇದು, ಎದುರು ತುದಿಯದ್ದು 1. ಅಲ್ಲಿಂದ ಎಣಿಸಿ. ನಿಮ್ಮದು ಕಡಲ ಬದಿ ಅಲ್ವಾ, ಉಪ್ಪು ಗಾಳಿಗೆ ಕಿಲುಬು ಹಿಡಿದಿರಬಹುದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಸಿಗುತ್ತದೆ. ಕಿವಿಯ ಹತ್ತಿ ಕಡ್ಡಿ ಅದ್ದಿ ತಿಕ್ಕಿ, ಪೂರ್ತಿ ಒಣಗಲು ಬಿಡಿ. ಉಪ್ಪು ಕಾಗದ ಬೇಡವೇ ಬೇಡ, ಮೇಲಿನ ಚಿನ್ನದ ಲೇಪ ಹೋಗುತ್ತದೆ. ಬಾಯಿಂದ ಊದಲೂ ಬೇಡಿ. ಕ್ಲೀನ್ ಮಾಡಿಯೂ ಹಾಗೆಯೇ ಬಂದರೆ ರೀಡರ್ ಕಡೆ ನೋಡಿ: ಸ್ಲಾಟಿನ 3ನೇ ಕಾಲಿನಿಂದ ಮೆಗಾ ಬೋರ್ಡಿನವರೆಗೆ ಮಲ್ಟಿಮೀಟರ್ ಬೀಪ್ ಆಗಬೇಕು. ಸರ್ಕ್ಯೂಟ್ ನಕ್ಷೆ ಎಲ್ಲರಿಗೂ ತೆರೆದಿದೆ, ಯಾವ ಗೆರೆ ಎಲ್ಲಿ ಹೋಗುತ್ತದೆ ಅಂತ ಅದರಲ್ಲೇ ಕಾಣುತ್ತದೆ. ಇಂಥ ಕೆಲಸಕ್ಕೆ ಓಪನ್ ಸೋರ್ಸ್ ರೀಡರೇ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಕುಂಬಳೆ:
3ನೇ ಪಿನ್ ಮೇಲೆ ಹಸಿರು ಕಿಲುಬು ಇತ್ತು! ಹತ್ತಿ ಕಪ್ಪಗಾಗುವಷ್ಟು ತಿಕ್ಕಿದೆ. ಚೆಕ್‌ಸಮ್ ಸರಿ ಬಂತು, ಸೇವ್ ಫೈಲೂ ತುಂಬಿದೆ. ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನಲ್ಲೇ ಆಟ ಓಡಿಸುವ ತಂತ್ರಾಂಶ) ಹಾಕಿದರೆ ಅಕ್ಕ ಇಟ್ಟ ಹೆಸರುಗಳೆಲ್ಲ ಹಾಗೆಯೇ ಇವೆ. ತುಂಬಾ ಉಪಕಾರ ಆಯ್ತು. ಇನ್ನು ಬ್ಯಾಟರಿ?

ಬದಿಯಡ್ಕ:
ಬಹಳ ಸಂತೋಷ! ಸೇವನ್ನು ಇನ್ನೊಂದು ಸಲ ಓದಿ, ಎರಡೂ ಫೈಲ್ ಒಂದೇ ಇವೆಯಾ ನೋಡಿ. ಬೇರೆ ಬೇರೆ ಕಡೆ ಪ್ರತಿ ಇಡಿ. ಆಮೇಲೆ ಧೈರ್ಯವಾಗಿ ಬ್ಯಾಟರಿ ಬದಲಿಸಿ, ಅದೇ ರೀಡರಿನಿಂದ ಸೇವ್ ವಾಪಸ್ ಬರೆಯಿರಿ. ಕಾಲುಗಳಿರುವ ಬ್ಯಾಟರಿಯೇ ತನ್ನಿ. ಬರೀ ಬಿಲ್ಲೆಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು.