ಅಪ್ಪ ಕೂಡಿಟ್ಟ ವಿಶೇಷ ನಂಬರಿನ ನೋಟುಗಳು: ಅನುಭವ ಇದ್ದವರು ಹೇಳಿ

ಪ್ರಶ್ನೆ, ತಿಪಟೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿದ್ದ ಹಳೇ ಡೈರಿಯ ಹಾಳೆಗಳ ನಡುವೆ 43 ನೋಟು ಸಿಕ್ಕಿವೆ. ಒಂದು, ಎರಡು, ಐದು, ಹತ್ತು ರೂಪಾಯಿಯವೇ ಜಾಸ್ತಿ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿನ ನಂಬರ್ 455554. ಒಂದು ಹತ್ತರ ನೋಟಿನಲ್ಲಿ 123123. 786 ಇರುವವು ಏಳು. ಒಂದರಲ್ಲಿ ನಂಬರಿನ ನಡುವೆ ನಕ್ಷತ್ರ ಇದೆ.

ದಿನದ ಕಲೆಕ್ಷನ್ ಕಟ್ಟುವ ಮುಂಚೆ ಇಂಥ ನೋಟು ಕಣ್ಣಿಗೆ ಬಿದ್ದರೆ, ತಮ್ಮ ಜೇಬಿನ ದುಡ್ಡು ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರಂತೆ. ಅಮ್ಮ ಹೇಳಿದರು. ಕೆಲವು ನೋಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಊರಿನ ಹೆಸರು ಬರೆದಿದ್ದಾರೆ: ಹುಳಿಯಾರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ.

ಮಾರುವ ಯೋಚನೆ ನನಗಿಲ್ಲ. ತಮ್ಮ ಮಾತ್ರ 786 ನೋಟಿಗೆ ಲಕ್ಷಗಟ್ಟಲೆ ಬರುತ್ತದೆ ಅನ್ನುತ್ತಾನೆ. ಈ ಸಂಗ್ರಹವನ್ನು ನಾನು ಮುಂದುವರಿಸಬೇಕು ಅಂತ ಆಸೆ. ಪೆನ್ಸಿಲ್ ಗುರುತು ಅಳಿಸಬೇಕಾ? ನೋಟುಗಳನ್ನು ಹೇಗೆ ಇಡಬೇಕು? ಯಾವ ನಂಬರ್ ನಿಜಕ್ಕೂ ಅಪರೂಪ?

ನಿವೃತ್ತ ಬ್ಯಾಂಕ್ ಕ್ಯಾಷಿಯರ್, ದಾವಣಗೆರೆ

ನೋಡಮ್ಮ, ನಾನು 31 ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವಳು. 786ರ ಲೆಕ್ಕ ಹೇಳುತ್ತೇನೆ. ನೋಟಿನ ನಂಬರಿನಲ್ಲಿ ಮೊದಲು ಅಕ್ಷರ, ಅಂಕಿ ಸೇರಿದ ಒಂದು ಗುರುತು, ಆಮೇಲೆ ಆರು ಅಂಕಿ. ಹೊಸ ನೋಟಿನ ಪ್ಯಾಕೆಟ್ಟಿನಲ್ಲಿ 100, ಹತ್ತು ಪ್ಯಾಕೆಟ್ಟಿನ ಬಂಡಲ್ಲಿನಲ್ಲಿ 1000. ನಂಬರ್ ಸಾಲಾಗಿದ್ದರೆ ಪ್ರತಿ ಬಂಡಲ್ಲಿನಲ್ಲೂ ಕೊನೆಗೆ 786 ಬರುವ ನೋಟು ಒಂದು ಇದ್ದೇ ಇರುತ್ತದೆ. ಕೊನೆಯಲ್ಲೇ ಬೇಡ, ಎಲ್ಲಿದ್ದರೂ ಸರಿ ಅಂದರೆ ಹತ್ತು ಲಕ್ಷ ನೋಟಿನಲ್ಲಿ 3999. ಸುಮಾರು 250ಕ್ಕೆ ಒಂದು ಬಿತ್ತು, ಅಲ್ವಾ? ಅದನ್ನು ಭಕ್ತಿಯಿಂದ ಕೇಳಿ ಪಡೆಯುವವರು ನಮ್ಮ ಬ್ರಾಂಚಿನಲ್ಲೂ ಇದ್ದರು. ಬಿಸ್ಮಿಲ್ಲಾಹ್ ವಾಕ್ಯದ ಒಂದೊಂದು ಅರಬ್ಬಿ ಅಕ್ಷರಕ್ಕೂ ಒಂದು ಸಂಖ್ಯೆ ಅಂತ ಇದೆ, ಎಲ್ಲ ಕೂಡಿಸಿದರೆ ಬರುವುದು ಅದು. ಅವರಿಗಾಗಿ ನಾನೇ ತೆಗೆದಿಟ್ಟಿದ್ದೇನೆ. ಆದರೆ ಲಕ್ಷ ಬೆಲೆ ಬಾಳುವಷ್ಟು ಅಪರೂಪ ಅಲ್ಲ. 786786 ಇದ್ದರೆ ಹೇಳಿ. ಅದು ಹತ್ತು ಲಕ್ಷಕ್ಕೆ ಒಂದೇ.

ನಿಮ್ಮ 455554 ನನಗೆ ತುಂಬಾ ಇಷ್ಟವಾಯಿತು. ಹಿಂದಿನಿಂದ ಓದಿದರೂ ಅದೇ ಬರುವ ನಂಬರ್ ಹತ್ತು ಲಕ್ಷಕ್ಕೆ 999 ಇವೆ. ಆದರೆ ಎರಡು ತುದಿಗೆ ಒಂದು ಅಂಕಿ, ನಡುವೆ ನಾಲ್ಕೂ ಇನ್ನೊಂದೇ ಅಂಕಿ ಇರುವುದು 90 ಮಾತ್ರ. ಬಸ್ಸಿನ ಗದ್ದಲದಲ್ಲಿ ಟಿಕೆಟ್ ಹರಿಯುತ್ತಾ ಅದನ್ನು ಗುರುತಿಸಿದ್ದಾರೆ ನಿಮ್ಮ ತಂದೆ!

ನಕ್ಷತ್ರದ ನೋಟು 2006ರಿಂದ ಈಚಿನದು. ಅಚ್ಚಿನಲ್ಲಿ ಕೆಟ್ಟುಹೋದ ನೋಟಿನ ಜಾಗಕ್ಕೆ ಅದನ್ನು ಹಾಕುತ್ತಾರೆ. ಮೊದಲು 10, 20, 50 ರೂಪಾಯಿಗೆ ಬಂತು, 500ಕ್ಕೆ 2016ರಲ್ಲಿ. ಅದು ಖೋಟಾ ಅಂತ ಸುದ್ದಿ ಹಬ್ಬಿದಾಗ, 2023ರಲ್ಲಿ ರಿಸರ್ವ್ ಬ್ಯಾಂಕೇ ಇದು ಚಲಾವಣೆಯ ನೋಟು ಅಂತ ತಿಳಿಸಿತು.

26 ವರ್ಷದಿಂದ ಕೂಡಿಸುತ್ತಿರುವವರು, ಬೆಂಗಳೂರು

ಮೇಡಂ, ಪೆನ್ಸಿಲ್ ಅಳಿಸಬೇಡಿ. ಬೇರೆಲ್ಲ ಆಮೇಲೆ.

ರಬ್ಬರ್ ಉಜ್ಜಿದರೆ ಕಾಗದದ ಮೇಲ್ಮೈ ಏಳುತ್ತದೆ. ದೀಪದ ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಜಾಗ ಮಂಕಾಗಿ ಕಾಣುತ್ತದೆ. ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಬರವಣಿಗೆ ಇದ್ದರೆ ಬೆಲೆ ಕಮ್ಮಿ ಆಗುವುದು ನಿಜ, ಉಜ್ಜಿದರೆ ಇನ್ನೂ ಕಮ್ಮಿ. ಅದಕ್ಕಿಂತ ದೊಡ್ಡ ಮಾತು ಒಂದಿದೆ. ನನ್ನ ಹತ್ತಿರ ಸಾವಿರಕ್ಕೂ ಮೇಲೆ ನೋಟು ಇವೆ. ಅವುಗಳಲ್ಲಿ ಒಂದಾದರೂ ಯಾವ ಊರಲ್ಲಿ, ಯಾರ ಕೈಯಿಂದ ಬಂತು ಅಂತ ನಾನು ಬರೆದಿಟ್ಟಿಲ್ಲ. ನಿಮ್ಮ ತಂದೆ ಬರೆದಿದ್ದಾರೆ. ಹಾಗಂತ ನೀವು ಹೊಸದಾಗಿ ನೋಟಿನ ಮೇಲೆ ಬರೆಯಬೇಡಿ. ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.

ತೊಳೆಯುವುದು, ಇಸ್ತ್ರಿ ಹಾಕುವುದು, ಟೇಪ್ ಅಂಟಿಸುವುದು ಯಾವುದೂ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಶುರುವಿನಲ್ಲಿ ನನಗೆ 888888 ನಂಬರಿನ ಹತ್ತರ ನೋಟು ಸಿಕ್ಕಿತ್ತು. ಖುಷಿಯಲ್ಲಿ ಅದೇ ಸಂಜೆ ಲ್ಯಾಮಿನೇಟ್ ಮಾಡಿಸಿದೆ. ಈಗ ಪ್ಲಾಸ್ಟಿಕ್ ಬಿಡಿಸಲು ಹೋದರೆ ಬಣ್ಣವೂ ಕಿತ್ತುಬರುತ್ತದೆ. ಆ ನೋಟು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹಳೇ ಫೋಟೋ ಆಲ್ಬಮ್‌ನಲ್ಲೂ ಇಡಬೇಡಿ. ಅದರ ಪಿವಿಸಿ ಪ್ಲಾಸ್ಟಿಕ್ ಹಾಳೆ ವರ್ಷ ಕಳೆದಂತೆ ಅಂಟಂಟಾಗಿ ನೋಟಿಗೆ ಹಿಡಿಯುತ್ತದೆ. ನೋಟಿಗೆಂದೇ ಮಾಡಿದ ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್ ಕವರ್ ಸಿಗುತ್ತವೆ. ಅದರಲ್ಲಿ ಹಾಕಿ, ತೇವ ಇಲ್ಲದ ಬೀರುವಿನಲ್ಲಿಡಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ತೆಗೆದು ನೋಡಿ.

ಎಡಗಡೆ ಪಿನ್ನಿನ ತೂತು ಇದ್ದರೆ ಬೇಸರ ಬೇಡ. 2001ರವರೆಗೆ ಬ್ಯಾಂಕಿನ ಪ್ಯಾಕೆಟ್ಟಿಗೆ ಪಿನ್ ಹೊಡೆಯುತ್ತಿದ್ದರು, ಆ ಕಾಲದ ನೋಟಿನಲ್ಲಿ ತೂತು ಸಹಜ.

ಇನ್ನು ವರ್ಷ ಪತ್ತೆ ಮಾಡುವುದು. ಇದು ನನಗೆ ನಂಬರಿಗಿಂತ ಜಾಸ್ತಿ ಖುಷಿ ಕೊಡುವ ಕೆಲಸ. 2005ರಿಂದ ಈಚೆಗೆ ನೋಟಿನ ಹಿಂದೆ ಅಚ್ಚಾದ ವರ್ಷ ಇರುತ್ತದೆ. ಹಳೆಯ ಐದು, ಹತ್ತರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ನೋಡಿ. ಐ.ಜಿ. ಪಟೇಲ್ ಇದ್ದದ್ದು 1977ರಿಂದ 1982, ಮನಮೋಹನ್ ಸಿಂಗ್ 1982ರಿಂದ 1985, ಆರ್.ಎನ್. ಮಲ್ಹೋತ್ರಾ 1985ರಿಂದ 1990. ಒಂದು ರೂಪಾಯಿ ನೋಟಿಗೆ ಮಾತ್ರ ಹಣಕಾಸು ಕಾರ್ಯದರ್ಶಿಯ ಸಹಿ. ಮನಮೋಹನ್ ಸಿಂಗ್ ಆ ಕೆಲಸವನ್ನೂ ಮಾಡಿದ್ದರಿಂದ ಅವರ ಸಹಿ ಎರಡು ಕಡೆಯೂ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬೆಂಗಳೂರಿಗೆ ಬಂದರೆ ಬ್ರಂಟನ್ ರಸ್ತೆಯಲ್ಲಿ ನೋಟು ಸಂಗ್ರಾಹಕ ರಿಜ್ವಾನ್ ರಜಾಕ್ ಅವರ ನೋಟುಗಳ ಮ್ಯೂಸಿಯಂ ಇದೆ. 2020ರಲ್ಲಿ ಶುರುವಾಯಿತು. ಅರ್ಧ ದಿನ ಇಟ್ಟುಕೊಂಡು ಬನ್ನಿ.

ಹುಬ್ಬಳ್ಳಿಯಿಂದ ಒಬ್ಬರು

ಅಕ್ಕಾ, ನಿಮ್ಮ ತಮ್ಮನಿಗೆ ಇದನ್ನು ಓದಿಸಿ. 786 ನೋಟಿಗೆ ಮೂರು ಲಕ್ಷ ಕೊಡುತ್ತೇವೆ ಅಂತ ನನಗೊಂದು ಫೋನ್ ಬಂತು. ಮೊದಲು ರಿಜಿಸ್ಟ್ರೇಷನ್ ಅಂತ 1,500 ರೂಪಾಯಿ ಕೇಳಿದರು, ಆಮೇಲೆ ತೆರಿಗೆ ಅಂತ 6,000. ರಿಸರ್ವ್ ಬ್ಯಾಂಕಿನ ಹೆಸರಿರುವ ಪತ್ರವನ್ನೂ ಕಳಿಸಿದ್ದರು. ಎರಡೂ ಕಟ್ಟಿದೆ, ಆಮೇಲೆ ಫೋನ್ ಬಂದ್. ಇಂಥ ಮೋಸದ ಬಗ್ಗೆ 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು. ಹಳೇ ನೋಟಿನ ವ್ಯವಹಾರಕ್ಕೆ ಅದು ಯಾವ ಶುಲ್ಕವನ್ನೂ ಕೇಳುವುದಿಲ್ಲ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಯಾರಾದರೂ ಕೇಳಿದರೆ ಅಲ್ಲೇ ಬಿಟ್ಟುಬಿಡಿ.

ಮುಂಬೈ ಕನ್ನಡಿಗ

ಮುಂದುವರಿಸಲು ಒಂದು ದಾರಿ ಹೇಳುತ್ತೇನೆ. ದುಡ್ಡು ಕೊಟ್ಟು ಕೊಳ್ಳಬೇಡಿ, ನಿಮ್ಮ ತಂದೆಯ ಹಾಗೆ ಕೈಗೆ ಬಂದದ್ದನ್ನೇ ಹಿಡಿಯಿರಿ. ನಾನು ಮನೆಯವರ ಹುಟ್ಟಿದ ದಿನ ಹುಡುಕುತ್ತೇನೆ. ದಿನ, ತಿಂಗಳು, ವರ್ಷ ಪೂರ್ತಿ ಹೊಂದುವುದು ಹತ್ತು ಲಕ್ಷಕ್ಕೆ ಒಂದು. ದಿನ, ತಿಂಗಳು ಮಾತ್ರ ಕೊನೆಗೆ ಬಂದರೆ ಸಾಕು ಅಂದರೆ ಹತ್ತು ಸಾವಿರಕ್ಕೆ ಒಂದು. ಹತ್ತಿರದ ಕಿರಾಣಿ ಅಂಗಡಿಯವರಿಗೂ, ಪೆಟ್ರೋಲ್ ಬಂಕಿನವರಿಗೂ ಹೇಳಿಟ್ಟಿದ್ದೇನೆ. ಆರು ವರ್ಷದಲ್ಲಿ ಅಮ್ಮನದು, ಮಗಳದು ಸಿಕ್ಕಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಓದಿ ಹೇಳಿದೆ. ಕವರ್ ತರಿಸಿದ್ದೇನೆ. ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು 43 ನೋಟಿಗೂ ಚೀಟಿ ಬರೆದೆ. 455554ರಲ್ಲಿ ಮನಮೋಹನ್ ಸಿಂಗ್ ಸಹಿ ಇದೆ, ಮೂಲೆಯಲ್ಲಿ ಹುಳಿಯಾರು ಅಂತಿದೆ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಒಂದು ನೋಟು ಮಾತ್ರ ಅರ್ಥ ಆಗಿಲ್ಲ. ನಂಬರ್ 607318. ನೀವು ಹೇಳಿದ ಯಾವ ಲೆಕ್ಕಕ್ಕೂ ಸೇರುತ್ತಿಲ್ಲ, ಊರಿನ ಹೆಸರೂ ಇಲ್ಲ. ಅಮ್ಮನಿಗೂ ತಿಳಿಯದು. ಅಪ್ಪನ ಜೊತೆ ಬಹಳ ವರ್ಷ ಬಸ್ ಓಡಿಸಿದ ಡ್ರೈವರ್ ಒಬ್ಬರು ಅರಸೀಕೆರೆಯಲ್ಲಿದ್ದಾರೆ. ಭಾನುವಾರ ನೋಟು ತೆಗೆದುಕೊಂಡು ಹೋಗಿ ಅವರನ್ನು ಕೇಳುತ್ತೇನೆ.