ಹದಿನಾಲ್ಕು ಎಂ.ಡಿ.ಗಳು, ಒಂದು ಫ್ರೇಮು, ಇಪ್ಪತ್ತು ನಿಮಿಷ: ಮ್ಯಾಗಜಿನ್ ಕೆಲಸ, ಸಲಹೆ ಬೇಕು

ಒಂಟಿಕೊಪ್ಪಲ್_ಸ್ಟುಡಿಯೊ:

ನಮಸ್ಕಾರ ಎಲ್ಲರಿಗೂ. ಬೆಂಗಳೂರಿನ ಒಂದು ಬಿಸಿನೆಸ್ ಮ್ಯಾಗಜಿನ್‌ನವರು ಮೈಸೂರು, ನಂಜನಗೂಡು, ಮಂಡ್ಯ ಕಡೆಯ ಕಂಪನಿಗಳ ಮೇಲೆ ವಿಶೇಷ ಸಂಚಿಕೆ ತರುತ್ತಿದ್ದಾರೆ. ಫೋಟೋ ಕೆಲಸ ನನಗೆ ಒಪ್ಪಿಸಿದ್ದಾರೆ. ನಾನು ಇಷ್ಟು ವರ್ಷ ಮಾಡಿದ್ದು ಮದುವೆ, ನಾಮಕರಣ, ಮಧ್ಯೆ ಮಧ್ಯೆ ಸ್ವಲ್ಪ ಪ್ರಾಡಕ್ಟ್ ಫೋಟೋ. ಗುಂಪು ಅಂದರೆ ಭಯ ಇಲ್ಲ, ಛತ್ರದ ಸ್ಟೇಜ್ ಮೇಲೆ ಇಡೀ ಬೀಗರ ಕಡೆಯವರನ್ನು ನಿಲ್ಲಿಸಿ ತೆಗೆದಿದ್ದೇನೆ. ಆದರೆ ಇವರು ಕಳಿಸಿರೋ ಬ್ರೀಫ್ ನೋಡಿದರೆ ಇದು ಬೇರೆಯೇ ಲೆವೆಲ್ಲು.

ನಾಲ್ಕು ಗುಂಪು ಬೇಕಂತೆ. ಐಟಿಯವರು, ಕಾರ್ಖಾನೆಯವರು (ಟೈರು, ಬಣ್ಣ, ಎಲೆಕ್ಟ್ರಾನಿಕ್ಸ್), ಊದುಬತ್ತಿ ಮತ್ತು ರೇಷ್ಮೆಯವರು, ಮಂಡ್ಯದ ಸಕ್ಕರೆ ಬೆಲ್ಲದವರು. ಒಂದೊಂದರಲ್ಲೂ ಆರರಿಂದ ಎಂಟು ಜನ, ಎಲ್ಲರೂ ಎಂ.ಡಿ., ಸಿಇಒ ಮಟ್ಟದವರು. ಪ್ರತಿ ಗುಂಪಿಗೂ ಎರಡು ಪುಟ ತುಂಬುವ ಒಂದೇ ಫೋಟೋ. ಆಮೇಲೆ ಮುಖಪುಟಕ್ಕೆ ಹದಿನಾಲ್ಕು ಜನ ಒಟ್ಟಿಗೆ, ಹಿಂದೆ ದೀಪ ಹಾಕಿದ ಅರಮನೆ. ಒಂದು ಗುಂಪಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಸಿಗಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. 'ಬೋರ್ಡ್ ಮೀಟಿಂಗ್ ಫೋಟೋ ತರ ಇರಬಾರದು' ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ನನ್ನ ಹತ್ತಿರ ಇರೋದು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ, 24-70, 85 ಎಂ.ಎಂ. ಲೆನ್ಸು, ಎರಡು ಸ್ಪೀಡ್‌ಲೈಟು (ಕ್ಯಾಮೆರಾ ಮೇಲೆ ಕೂರೋ ಸಣ್ಣ ಫ್ಲಾಶು), ಎರಡು ಸಣ್ಣ ಸಾಫ್ಟ್‌ಬಾಕ್ಸು (ಬೆಳಕು ಮೆತ್ತಗೆ ಮಾಡೋ ಬಟ್ಟೆ ಪೆಟ್ಟಿಗೆ). ಬೆಳಕು ಹೇಗೆ ಮಾಡಲಿ? ಇವರನ್ನೆಲ್ಲ ನಿಲ್ಲಿಸೋದು ಹೇಗೆ? ಹದಿನಾಲ್ಕು ಜನ ಒಂದೇ ದಿನ ಸಿಗದಿದ್ದರೆ ಫೋಟೋಶಾಪ್‌ನಲ್ಲಿ ಜೋಡಿಸಬಹುದಾ, ಅದು ಮೋಸ ಅಲ್ವಾ?

ಹಳೇ_ನೆಗೆಟಿವ್:

ಛತ್ರದಲ್ಲಿ ಕಲಿತದ್ದನ್ನು ಕಡಿಮೆ ಅಂದುಕೊಳ್ಳಬೇಡಿ. ದೊಡ್ಡ ಮನುಷ್ಯರ ಎದುರು ನಿಂತು 'ಸರ್, ಸ್ವಲ್ಪ ಎಡಕ್ಕೆ ಬನ್ನಿ' ಅಂತ ಗಟ್ಟಿಯಾಗಿ ಹೇಳೋ ಅಭ್ಯಾಸ ನಿಮಗಿದೆ. ಬಿಡಬೇಕಾಗಿರೋದು ಎರಡು ವಿಷಯ. ಒಂದು, ಸಾಲು. ಇನ್ನೊಂದು, ಆ ಕಡೆ ಒಂದು ಲೈಟು ಈ ಕಡೆ ಒಂದು ಲೈಟು ಇಡೋ ಪದ್ಧತಿ.

ಲೈಟು ಒಂದೇ ಇರಲಿ, ಆದರೆ ದೊಡ್ಡದಿರಲಿ. ಏಳು ಅಡಿ ಬಿಳಿ ಅಂಬ್ರೆಲಾ ಸಾಕು. ಅದನ್ನು ಹತ್ತಿರ ಇಡಬೇಡಿ. ಲೈಟಿನಿಂದ 1 ಮೀಟರ್ ದೂರದಲ್ಲಿ ನಿಂತವರಿಗೆ ಸಿಗೋ ಬೆಳಕಿನಲ್ಲಿ ಕಾಲು ಭಾಗ ಮಾತ್ರ 2 ಮೀಟರ್‌ನಲ್ಲಿ ನಿಂತವರಿಗೆ ಸಿಗುತ್ತದೆ, ಅಂದರೆ ಒಬ್ಬರು ಬೆಳ್ಳಗೆ, ಪಕ್ಕದವರು ಕಪ್ಪಗೆ. ಅದೇ ಲೈಟನ್ನು ಹಿಂದಕ್ಕೆ ಎಳೆದು, ಹತ್ತಿರದವರಿಗೆ 4 ಮೀಟರ್, ದೂರದವರಿಗೆ 5 ಮೀಟರ್ ಆಗೋ ಹಾಗೆ ಇಟ್ಟರೆ ವ್ಯತ್ಯಾಸ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಕೂಡ ಇರಲ್ಲ. ಆದರೆ 1ರಿಂದ 4 ಮೀಟರ್‌ಗೆ ಹೋದಾಗ ನಾಲ್ಕು ಸ್ಟಾಪ್ ಬೆಳಕು ಕೈಬಿಡುತ್ತದೆ. ನಿಮ್ಮ ಸ್ಪೀಡ್‌ಲೈಟಿಗೆ ಅಷ್ಟು ತಾಕತ್ತಿಲ್ಲ. 400 ಅಥವಾ 600 ವಾಟ್‌ಸೆಕೆಂಡಿನ ಸ್ಟ್ರೋಬ್ (ಸ್ಟುಡಿಯೊದ ದೊಡ್ಡ ಫ್ಲಾಶ್) ಒಂದನ್ನು ಬಾಡಿಗೆಗೆ ತನ್ನಿ.

ಲೆನ್ಸು 24ರ ಹತ್ತಿರ ಹೋಗಲೇಬೇಡಿ. ಅಂಚಿನಲ್ಲಿ ನಿಂತವರ ಮುಖ ಅಡ್ಡಡ್ಡ ಎಳೆದ ಹಾಗೆ ಆಗುತ್ತದೆ, ಅಲ್ಲಿ ನಿಂತಿರೋದೂ ಒಬ್ಬ ಎಂ.ಡಿ.ಯೇ. ಜಾಗ ಇದ್ದಷ್ಟು ಹಿಂದೆ ಹೋಗಿ 50, 70ರಲ್ಲಿ ತೆಗೆಯಿರಿ. ಲೆನ್ಸಿನ ಕಿಂಡಿ ಎಫ್/8. ಅರ್ಧದಷ್ಟು ಜನಕ್ಕೆ ಕನ್ನಡಕ ಇರುತ್ತದೆ, ಲೈಟನ್ನು ಎತ್ತರಿಸಿ. ಆಗಲೂ ಹೊಳಪು ಬಂದರೆ ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದು ಚೂರು ಮೇಲೆತ್ತಿಸಿ, ಗಾಜು ಕೆಳಗೆ ವಾಲಿ ಹೊಳಪು ಹೋಗುತ್ತದೆ. ಫೋಟೋದಲ್ಲಿ ಗೊತ್ತೂ ಆಗಲ್ಲ.

ನಿಲ್ಲಿಸೋದಕ್ಕೆ ಮರದ ಪೆಟ್ಟಿಗೆ ಮಾಡಿಸಿಕೊಳ್ಳಿ. ಸಿನಿಮಾದವರು ಆಪಲ್ ಬಾಕ್ಸ್ ಅನ್ನುತ್ತಾರೆ. 20 ಇಂಚು ಉದ್ದ, 12 ಅಗಲ, ಎತ್ತರ 8, 4, 2 ಇಂಚು. ಬಡಗಿಗೆ ಹೇಳಿದರೆ ಪ್ಲೈವುಡ್‌ನಲ್ಲಿ ಮಾಡಿಕೊಡುತ್ತಾನೆ. ಕುಳ್ಳಗಿರೋರು ಮೇಲೆ ಹತ್ತಬಹುದು, ಉದ್ದ ಇರೋರು ಕೂರಬಹುದು. ಎಲ್ಲರ ತಲೆ ಒಂದೇ ಗೆರೆಯಲ್ಲಿ ಬಂದರೆ ಸಂಪಾದಕರು ಬೇಡ ಅಂದ ಬೋರ್ಡ್ ಮೀಟಿಂಗ್ ಫೋಟೋನೇ ಬಂದ ಹಾಗೆ. ಇಬ್ಬರು ಹತ್ತಿರ, ಪಕ್ಕದಲ್ಲಿ ಜಾಗ, ಆಮೇಲೆ ಮೂವರು, ಅವರಲ್ಲಿ ಒಬ್ಬರು ಕೂತಿರಲಿ.

ಕೂರ್ಗಳ್ಳಿ_ಮೇಡಂ:

ನಾನು ಫೋಟೋಗ್ರಾಫರ್ ಅಲ್ಲ. ಇಲ್ಲಿನ ಒಂದು ದೊಡ್ಡ ಕಂಪನಿಯ ಸಂವಹನ ವಿಭಾಗದಲ್ಲಿ ಇಂಥ ಫೋಟೋಗಳನ್ನು ಆ ಕಡೆಯಿಂದ ನೋಡಿದವಳು. ಹಳೇ_ನೆಗೆಟಿವ್ ಅವರು ಹೇಳಿದ ಬೆಳಕಿನ ಮಾತೆಲ್ಲ ಸರಿ ಇರಬಹುದು. ಆದರೆ ನಿಮ್ಮ ಇಪ್ಪತ್ತು ನಿಮಿಷವನ್ನು ತಿನ್ನೋದು ಬೆಳಕಲ್ಲ, 'ನಡುವೆ ಯಾರು ನಿಲ್ಲಬೇಕು' ಅನ್ನೋದು.

ಯಾರೂ ಬಾಯಿಬಿಟ್ಟು ಕೇಳಲ್ಲ. ಎಲ್ಲರೂ 'ನೀವು ಬನ್ನಿ ಸರ್, ನೀವು ಬನ್ನಿ' ಅಂತ ಒಬ್ಬರನ್ನೊಬ್ಬರು ನಡುವೆ ತಳ್ಳುತ್ತಾ ನಿಲ್ಲುತ್ತಾರೆ. ಹಾಗೆ ತಳ್ಳಿಸಿಕೊಂಡು ಕೊನೆಗೆ ಅಂಚಿಗೆ ಹೋದವರು ಮಾರನೇ ದಿನ ತಮ್ಮ ಪಿ.ಎ. ಕೈಲಿ ಸಂಪಾದಕರಿಗೆ ಫೋನ್ ಮಾಡಿಸುತ್ತಾರೆ. ಅದಕ್ಕೇ ನಡು ಅನ್ನೋದೇ ಇಲ್ಲದ ಹಾಗೆ ಜೋಡಿಸಿ. ಯಾರು ಎಲ್ಲಿ ಅನ್ನೋದನ್ನು ಸಂಪಾದಕರ ಜೊತೆ ಕೂತು ಮೊದಲೇ ನಿರ್ಧರಿಸಿ, ಕಾಗದದ ಮೇಲೆ ಬರೆದು, ನೆಲದ ಮೇಲೆ ಟೇಪ್ ಅಂಟಿಸಿ ಹೆಸರು ಹಾಕಿ. ಹೆಸರಿನ ಚೀಟಿ ನೋಡಿದ ಮೇಲೆ ಯಾರೂ ಚೌಕಾಶಿ ಮಾಡಲ್ಲ. ಅಲ್ಲಿ ನಿಂತು 'ಸರ್ ನೀವು ಎಲ್ಲಿ ನಿಲ್ಲುತ್ತೀರಿ' ಅಂತ ಮಾತ್ರ ಕೇಳಬೇಡಿ, ಮುಗೀತು ಕಥೆ.

ಪಿ.ಎ.ಗಳಿಗೆ ಮೊದಲೇ ಮೆಸೇಜ್ ಹಾಕಿ, ಎತ್ತರ ಕೇಳಿಕೊಳ್ಳಿ. ಅಷ್ಟೇ ಎತ್ತರದ ಆಫೀಸ್ ಹುಡುಗರನ್ನು ನಿಲ್ಲಿಸಿ ಲೈಟು, ಫೋಕಸ್ಸು, ಪೆಟ್ಟಿಗೆ ಎಲ್ಲ ಮುಗಿಸಿಬಿಡಿ. ಸಾಹೇಬರು ಬಂದ ಮೇಲೆ ಲೈಟ್ ಸ್ಟ್ಯಾಂಡಿನ ತಿರುಪು ತಿರುಗಿಸುತ್ತಾ ನಿಂತರೆ ಅವರು ಮೊಬೈಲ್ ತೆಗೆಯುತ್ತಾರೆ, ಒಂದು ಸಲ ಮೊಬೈಲ್ ತೆಗೆದರೆ ಆ ಮುಖ ವಾಪಸ್ ಬರಲ್ಲ. ಅದೇ ಮೆಸೇಜಿನಲ್ಲಿ ಬಟ್ಟೆ ವಿಷಯನೂ ಹೇಳಿ. ಸಣ್ಣ ಗೆರೆಯ ಸೂಟು, ಸಣ್ಣ ಚೌಕದ ಶರ್ಟು ಬೇಡ, ಡಿಜಿಟಲ್‌ನಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಮೈಸೂರು ಸಿಲ್ಕ್ ಉಡೋರು ಖಂಡಿತ ಇರುತ್ತಾರೆ, ಉಡಲಿ, ಚೆನ್ನಾಗಿರುತ್ತದೆ, ಆದರೆ ಜರಿ ಅಂಚು ಫ್ಲಾಶಿಗೆ ನೇರ ಸಿಕ್ಕಿದರೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕೊರಳ ಐಡಿ ಕಾರ್ಡು, ಜೇಬಿನ ಮೊಬೈಲು, ಕಾರಿನ ಕೀ ಇಡೋದಕ್ಕೆ ಒಂದು ತಟ್ಟೆ ಇಟ್ಟುಕೊಳ್ಳಿ.

ಇನ್ನೊಂದು. ಗುಂಪಿನಲ್ಲಿ ಒಬ್ಬರೋ ಇಬ್ಬರೋ ಹೆಂಗಸರಿರುತ್ತಾರೆ. ಅವರನ್ನು ಹೂಗುಚ್ಛದ ತರ ನಟ್ಟನಡುವೆ ಕೂರಿಸಿ ಸುತ್ತ ಗಂಡಸರನ್ನು ನಿಲ್ಲಿಸೋ ಫೋಟೋ ನೋಡಿ ನೋಡಿ ಸಾಕಾಗಿದೆ.

ಮದ್ದೂರು_ವಡೆ:

ಗುರು, ಸಕ್ಕರೆ ಬೆಲ್ಲದ ಗುಂಪನ್ನು ದಯವಿಟ್ಟು ಹೋಟೆಲ್ ಹಾಲ್‌ನಲ್ಲಿ ತೆಗೆಯಬೇಡ. ಆಲೆಮನೆಗೆ ಕರೆದುಕೊಂಡು ಬಾ.

ಬೆಳಗ್ಗೆ ಬೇಗ ಬರಬೇಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋವಾಗ ಹಬೆ ಚಾವಣಿ ಮುಟ್ಟುತ್ತದೆ. ಮುಂದಿನಿಂದ ಫ್ಲಾಶ್ ಹೊಡೆದರೆ ಆ ಹಬೆ ಬರೀ ಬೂದು ಮಂಜು. ಒಂದು ಸ್ಟ್ರೋಬನ್ನು ಕೊಪ್ಪರಿಗೆಯ ಹಿಂದೆ, ಜನರ ಬೆನ್ನ ಹಿಂದೆ ಕಾಣದ ಹಾಗೆ ಇಟ್ಟು ಕ್ಯಾಮೆರಾ ಕಡೆಗೆ ತಿರುಗಿಸಿ ನೋಡು, ಬಿಳೀ ಪರದೆ ಎದ್ದು ನಿಲ್ಲುತ್ತದೆ, ಎಂಟು ಜನರ ಅಂಚೂ ಹೊಳೆಯುತ್ತದೆ. ಮುಂದೆ ಆ ದೊಡ್ಡ ಅಂಬ್ರೆಲಾ ಸುಮ್ನೆ ಮೆತ್ತಗೆ ಇದ್ದರೆ ಸಾಕು. ಲೆನ್ಸು ಮಂಜು ಕಟ್ಟುತ್ತದೆ, ಹಾಗಾಗಿ ಎ.ಸಿ. ಕಾರಿನಿಂದ ಇಳಿಸಿದ ತಕ್ಷಣ ತೆಗೆಯಬೇಡ, ಮುಂಚೆನೇ ಒಳಗೆ ತಂದಿಡು. ನೆಲದ ತುಂಬ ಕಬ್ಬಿನ ಸಿಪ್ಪೆ ಇರುತ್ತದೆ, ಲೈಟ್ ಸ್ಟ್ಯಾಂಡಿಗೆ ಮರಳು ಚೀಲ ಕಟ್ಟು. ಒಲೆಯ ಬೆಂಕಿಯಿಂದ ವೈರ್ ದೂರ.

ಸೂಟು ಹಾಕಿದವರು ಕೊಪ್ಪರಿಗೆ ಪಕ್ಕ ಬೆವರುತ್ತಾರೆ ಅಂತ ಚಿಂತೆನಾ? ಬೆವರಲಿ ಬಿಡು. ಒರೆಸೋಕೆ ಟಿಶ್ಯೂ ಇಟ್ಟುಕೋ. ಕೋಟು ಬಿಚ್ಚಿ ತೋಳು ಮಡಿಚಿದರೆ ಅವರ ಮುಖಾನೇ ಬೇರೆ ಆಗುತ್ತದೆ. ನೀನು ಹುಡುಕುತ್ತಿರೋದೂ ಅದೇ ತಾನೇ.

ಸಕ್ಕರೆಯವರಿಗೆ ಬೇಕಿದ್ದರೆ ಮಂಡ್ಯದ ಮೈಷುಗರ್ ಹಿನ್ನೆಲೆ ಕೇಳಿ ನೋಡು. 1933ರ ಕಾರ್ಖಾನೆ, ಅದರ ಮುಂದೆ ನಿಂತರೆ ವಿವರಣೆನೇ ಬೇಡ. ಆದರೆ ಒಳಗೆ ಬಿಡೋದು ಬಿಡದಿರೋದು ಅವರಿಗೆ ಬಿಟ್ಟಿದ್ದು, ಪತ್ರ ಮ್ಯಾಗಜಿನ್ ಹೆಸರಲ್ಲೇ ಹೋಗಲಿ.

ಪುಟ_ಕಟ್ಟುವವನು:

ಪುಟವಿನ್ಯಾಸದ ಕಡೆಯಿಂದ ಮಾತಾಡುತ್ತೇನೆ. ಎರಡು ಪುಟದ ಫೋಟೋದ ನಟ್ಟನಡುವೆ ಮಡಿಕೆ ಬರುತ್ತದೆ. ಅಲ್ಲಿ ಯಾರ ಮುಖವೂ ಇರಬಾರದು. ಪಿನ್ ಹೊಡೆಯದೆ ಗೋಂದು ಹಾಕಿ ಬೈಂಡ್ ಮಾಡಿದ ಮ್ಯಾಗಜಿನ್ ಆದರೆ ಆ ಮಡಿಕೆ ಕೆಲವು ಮಿಲಿಮೀಟರ್ ನುಂಗಿಬಿಡುತ್ತದೆ, ಯಾರದೋ ಮೂಗೇ ಮಾಯ. ಮೇಡಂ ಹೇಳಿದ 'ನಡು ಬೇಡ' ಅನ್ನೋದು ಅಚ್ಚಿಗೂ ಒಳ್ಳೇದೇ. ಎಡಕ್ಕೆ ಮೂವರು, ಬಲಕ್ಕೆ ಐವರು, ಮಧ್ಯೆ ಖಾಲಿ ಜಾಗ ಅಂತ ಮಾಡಿ.

ಎ4 ಅಳತೆಯ ಎರಡು ಪುಟ ಅಂದರೆ 420 ಮಿ.ಮೀ. ಅಗಲ, 297 ಎತ್ತರ. ಸುತ್ತ ಕತ್ತರಿಸೋಕೆ 3 ಮಿ.ಮೀ. ಸೇರಿಸಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕ ಹಾಕಿದರೆ ಸುಮಾರು 18 ಮೆಗಾಪಿಕ್ಸೆಲ್. ನಿಮ್ಮ 24ರಲ್ಲಿ ಆಗುತ್ತದೆ, ಆದರೆ ಆಮೇಲೆ ಕ್ರಾಪ್ ಮಾಡಿಕೊಳ್ಳೋಣ ಅಂತ ಸಡಿಲ ಬಿಟ್ಟು ತೆಗೆಯೋಕೆ ಜಾಗ ಇಲ್ಲ. ಕ್ಯಾಮೆರಾದಲ್ಲೇ ಸರಿಯಾಗಿ ಕಟ್ಟಿ.

ಮುಖಪುಟದ ಬಗ್ಗೆ ಸಂಪಾದಕರನ್ನು ಈಗಲೇ ಕೇಳಿ. ಉದ್ದನೆ ಪುಟ, ಅಗಲದ ಅರಮನೆ, ಹದಿನಾಲ್ಕು ಜನ, ಮೇಲೆ ಮ್ಯಾಗಜಿನ್ ಹೆಸರಿಗೆ ಜಾಗ. ಇದು ಒಂದು ಪುಟದಲ್ಲಿ ಕೂರಲ್ಲ. ಮುಖಗಳೆಲ್ಲ ಕಡಲೆಕಾಳು ಆಗುತ್ತವೆ. ಅಮೆರಿಕದ ವ್ಯಾನಿಟಿ ಫೇರ್ ಮ್ಯಾಗಜಿನ್‌ನವರು 1995ರಿಂದ ಹಾಲಿವುಡ್ ಸಂಚಿಕೆಗೆ ಮಡಿಚುವ ಮುಖಪುಟ ಮಾಡಿದ್ದು ಇದಕ್ಕೇ. ಹೊರಗೆ ಕೆಲವರು, ಬಿಚ್ಚಿದರೆ ಉಳಿದವರು. ಹೊರಗಿನ ಮಡಿಕೆಯಲ್ಲಿ ಯಾರು ಅನ್ನೋ ಜಗಳ ಮತ್ತೆ ಮೇಡಂ ಹೇಳಿದ್ದೇ, ಅದು ಸಂಪಾದಕರ ತಲೆನೋವು, ನಿಮ್ಮದಲ್ಲ.

ಜೋಡಿಸೋದು ಮೋಸ ಅಲ್ಲ, ಹೇಳಿ ಮಾಡಿದರೆ. ಮೂರು ನಾಲ್ಕು ಜನರ ಚಿಕ್ಕ ಗುಂಪು ಮಾಡಿ. ಟ್ರೈಪಾಡು, ಲೆನ್ಸು, ಎತ್ತರ, ಲೈಟು ಒಂದಿಂಚೂ ಕದಲಬಾರದು, ಬೇರೆ ದಿನ ಅಂದರೆ ಎಲ್ಲ ಅಳೆದು ಬರೆದಿಟ್ಟುಕೊಳ್ಳಿ. ಜನ ಇಲ್ಲದ ಖಾಲಿ ಫ್ರೇಮು ಒಂದು ತೆಗೆಯಿರಿ. ನೆಲದ ನೆರಳು ಪೂರ್ತಿ ಬರಲಿ, ಎಲ್ಲರೂ ತೇಲೋ ಹಾಗೆ ಕಾಣೋದು ನೆರಳು ಕತ್ತರಿಸಿದಾಗಲೇ. ಭೇಟಿನೇ ಆಗದ ಇಬ್ಬರ ಕೈ ಕುಲುಕಿಸಬೇಡಿ, ಫೋಟೋ ಕೆಳಗೆ ಜೋಡಿಸಿದ ಚಿತ್ರ ಅಂತ ಒಂದು ಸಾಲು ಹಾಕಿಸಿ.

ಬಿಳಿ_ಗೋಡೆ:

ಎಲ್ಲರೂ ಗುಂಪು ಗುಂಪು ಅಂತೀರಲ್ಲ. ಗುಂಪೇ ಬೇಡ ಅಂತ ಸಂಪಾದಕರಿಗೆ ಹೇಳಿ ನೋಡಬಹುದಲ್ವಾ? 1976ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಗೆ ಹೆಸರಾಂತ ಫೋಟೋಗ್ರಾಫರ್ ರಿಚರ್ಡ್ ಅವೆಡನ್ ಅಮೆರಿಕದ ಅಧಿಕಾರಸ್ಥರನ್ನು, ಉದ್ಯಮಿಗಳನ್ನು ತೆಗೆದರು. 69 ಭಾವಚಿತ್ರ. ಬಿಳಿ ಹಿನ್ನೆಲೆ, ಅಲಂಕಾರ ಇಲ್ಲ. ಪುಟದ ಮೇಲೆ ಅಕ್ಕಪಕ್ಕ ಬಂದಾಗ ಅದೇ ಗುಂಪಾಯಿತು. ಒಬ್ಬೊಬ್ಬರಿಗೆ ಮೂರು ನಿಮಿಷ ಸಾಕು, ಅವರಿಗೆ ಅನುಕೂಲ ಆದಾಗ ಬರಲಿ. ಅರಮನೆನೂ ಬೇಡ, ಹಬೆನೂ ಬೇಡ.

ಕೂರ್ಗಳ್ಳಿ_ಮೇಡಂ:

ಬಿಳಿ_ಗೋಡೆ ಅವರೇ, ಅವೆಡನ್ ಎದುರು ಹಾಗೆ ನಿಲ್ಲುತ್ತಾರೆ. ನಮ್ಮ ಎಂ.ಡಿ.ಗಳು 'ಪಾಸ್‌ಪೋರ್ಟ್ ಫೋಟೋಗೆ ನಾನ್ಯಾಕೆ ಬರಬೇಕಿತ್ತು' ಅನ್ನುತ್ತಾರೆ.

ಒಂಟಿಕೊಪ್ಪಲ್_ಸ್ಟುಡಿಯೊ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಂಪಾದಕರ ಹತ್ತಿರ ಮಾತಾಡಿದೆ. ಮಡಿಚುವ ಮುಖಪುಟಕ್ಕೆ ಒಪ್ಪಿದ್ದಾರೆ, ಆಲೆಮನೆ ಕೇಳಿ ಖುಷಿಯಾದರು. ಗುಂಪು ಬೇಡ ಅನ್ನೋದಕ್ಕೆ ಮಾತ್ರ ಒಪ್ಪಲಿಲ್ಲ. ದೀಪದ ಅರಮನೆ ಬೇಕೇ ಬೇಕಂತೆ, ಜೋಡಿಸಿದ್ದು ಬೇಡ, ಎಲ್ಲರೂ ನಿಜವಾಗಿ ಅಲ್ಲೇ ನಿಲ್ಲಬೇಕಂತೆ. ಹೇಗೆ?

ಹಳೇ_ನೆಗೆಟಿವ್:

ನನ್ನನ್ನು ಕೇಳಿದರೆ ಅರಮನೆ ಬೇಡವೇ ಬೇಡ, ದಸರಾ ಕ್ಯಾಲೆಂಡರ್ ಆಗುತ್ತದೆ. ಆದರೂ ಬೇಕೇ ಬೇಕು ಅಂದರೆ ಕೇಳಿ.

ಮೊದಲು ಅರಮನೆ ಮಂಡಳಿಯಿಂದ ಲಿಖಿತ ಅನುಮತಿ. ದೀಪ ಹಾಕೋದು ಭಾನುವಾರ ಮತ್ತು ರಜಾ ದಿನ, ಸಂಜೆ 7ರ ಸುಮಾರಿಗೆ, ಒಂದು ಗಂಟೆಯೂ ಇರಲ್ಲ. ಆ ಹೊತ್ತಿಗೆ ಅಲ್ಲಿ ಜಾತ್ರೆಯಷ್ಟು ಜನ. ತಿಂಗಳು ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ 6ಕ್ಕೇ ಮುಳುಗುತ್ತಾನೆ, 7ಕ್ಕೆ ಆಕಾಶ ಕಪ್ಪು. ಏಪ್ರಿಲ್, ಮೇನಲ್ಲಿ ಆರೂವರೆ ದಾಟಿ ಮುಳುಗೋದರಿಂದ ದೀಪ ಹತ್ತಿದಾಗ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ. ಆ ನೀಲಿ ಕೆಲವೇ ನಿಮಿಷ. ಎಲ್ಲರೂ ಆರೂವರೆಗೇ ಟೇಪಿನ ಮೇಲೆ ನಿಂತಿರಬೇಕು.

ಲಕ್ಷದ ಹತ್ತಿರ ಬಲ್ಬು, ಎಲ್ಲ ಹಳದಿ. ನಿಮ್ಮ ಫ್ಲಾಶು ಬಿಳಿ. ಹಾಗೇ ಹೊಡೆದರೆ ಜನ ಬೇರೆ ಊರಿನವರ ಹಾಗೆ ಕಾಣುತ್ತಾರೆ. ಫ್ಲಾಶಿಗೆ ಕಿತ್ತಳೆ ಬಣ್ಣದ ಜೆಲ್ ಕಟ್ಟಿ (ಫುಲ್ ಸಿಟಿಒ ಅಂತ ಕೇಳಿ), ವೈಟ್ ಬ್ಯಾಲೆನ್ಸ್ 3200ರ ಸುತ್ತ ಇಡಿ. ಆಕಾಶದ ನೀಲಿ ಇನ್ನೂ ಗಾಢ ಆಗುತ್ತದೆ, ಅದೊಂದು ಲಾಭ. ಜೆಲ್ ಒಂದು ಸ್ಟಾಪ್ ಹತ್ತಿರ ಬೆಳಕು ತಿನ್ನುತ್ತದೆ, ನೆನಪಿರಲಿ. ಐಎಸ್ಒ 800, ಎಫ್/5.6, ಸೆಕೆಂಡಿನ 1/8ರಿಂದ ಶುರು ಮಾಡಿ, ಅರಮನೆ ನೋಡಿಕೊಂಡು ಹೊಂದಿಸಿ. ಟ್ರೈಪಾಡು ಬೇಕೇ ಬೇಕು. ಫ್ಲಾಶ್ ಹೊಡೆದ ಮೇಲೂ ಶಟರ್ ತೆರೆದಿರುತ್ತದೆ, ಹಾಗಾಗಿ 'ನಾನು ಹೇಳೋವರೆಗೂ ಅಲ್ಲಾಡಬೇಡಿ ಸರ್' ಅಂತ ಹೇಳಿ.

ಕಣ್ಣು ಮಿಟುಕಿಸೋದಕ್ಕೂ ಒಂದು ಲೆಕ್ಕ ಇದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್, ಪಿಯರ್ಸ್ ಬಾರ್ನ್ಸ್ ಅನ್ನೋರಿಗೆ 2006ರಲ್ಲಿ ಇದಕ್ಕೇ ಇಗ್ ನೊಬೆಲ್ (ನಗು ಬರಿಸೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ಕೊಟ್ಟರು. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೇ ಬೆಳಕಿನಲ್ಲಿ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಮ್ಮಿ ಇದ್ದರೆ ಎರಡರಿಂದ. ನಿಮ್ಮ ಹದಿನಾಲ್ಕು ಜನಕ್ಕೆ ಸಂಜೆ ಹೊತ್ತು ಏಳು ಫೋಟೋ. ಅದು ಎಲ್ಲರ ಕಣ್ಣು ತೆರೆದಿರೋದಕ್ಕೆ ಮಾತ್ರ. ಎಲ್ಲರ ಮುಖದಲ್ಲೂ ಕಳೆ ಇರಬೇಕು ಅಂದರೆ ಸಿಕ್ಕಷ್ಟು ತೆಗೆಯಿರಿ.

ಕ್ವೊಟೇಶನ್_ಕೊಡಿ:

ಲೈಟಿನ ಮಾತೆಲ್ಲ ಆಯಿತು, ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಸಂಚಿಕೆ ಹೊರಬಂದ ವಾರಕ್ಕೇ ಆ ಕಂಪನಿಗಳಿಂದ ಫೋನ್ ಬರುತ್ತದೆ, 'ಆ ಫೋಟೋ ನಮ್ಮ ವಾರ್ಷಿಕ ವರದಿಗೆ ಬೇಕು, ಲಿಂಕ್ಡ್‌ಇನ್‌ಗೆ ಬೇಕು' ಅಂತ. ಆಗ ಫೋಟೋ ಯಾರದ್ದು? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಸುಮ್ನಿದ್ದರೆ ಮ್ಯಾಗಜಿನ್‌ನವರದ್ದು. ಹಾಗಾಗಿ ಕೆಲಸಕ್ಕೆ ಮುಂಚೆ ಇಮೇಲ್‌ನಲ್ಲಿ ಹೀಗೆ ಬರೆಸಿಕೊಳ್ಳಿ: ಹಕ್ಕು ಫೋಟೋಗ್ರಾಫರ್‌ದು, ಈ ಸಂಚಿಕೆ ಮತ್ತು ಅದರ ವೆಬ್ ಆವೃತ್ತಿಗೆ ಬಳಸಲು ಮ್ಯಾಗಜಿನ್‌ಗೆ ಅನುಮತಿ, ಬೇರೆ ಬಳಕೆಗೆ ಬೇರೆ ದರ. ಅವರು ಒಪ್ಪದಿದ್ದರೆ ದರ ಏರಿಸಿ. ಸ್ಟ್ರೋಬ್ ಬಾಡಿಗೆ, ಸಹಾಯಕ, ಮಂಡ್ಯಕ್ಕೆ ಕಾರು, ರೀಟಚಿಂಗ್, ಇವೆಲ್ಲ ಬಿಲ್‌ನಲ್ಲಿ ಪ್ರತ್ಯೇಕ ಸಾಲು. ಜಿಎಸ್‌ಟಿ ನೋಂದಣಿ ಇದ್ದರೆ 18 ಶೇಕಡಾ ದರದ ಮೇಲೆ ಹಾಕಿ, ದರದೊಳಗೆ ಸೇರಿಸಬೇಡಿ.

ಒಂಟಿಕೊಪ್ಪಲ್_ಸ್ಟುಡಿಯೊ:

ಈಗಷ್ಟೇ ಇಮೇಲ್ ಕಳಿಸಿದೆ, ಮೂರೂ ಮಾತು ಹಾಗೇ ಹಾಕಿದ್ದೇನೆ. ಬಡಗಿಗೂ ಅಳತೆ ಕೊಟ್ಟಿದ್ದೇನೆ. ಮದ್ದೂರು_ವಡೆ ಅಣ್ಣ, ಆಲೆಮನೆಯವರು ಯಾರು, ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾರೆ ಅಂತ ಮೆಸೇಜ್ ಮಾಡಿ, ಮೊದಲು ಒಬ್ಬನೇ ಬಂದು ನೋಡಿ ಹೋಗುತ್ತೇನೆ.